ಎರಡನೇ ಚಪ್ಪಾಳೆಯ ಆಚೆ

ಎಲ್ರೊಯ್‌ನ ಚಪ್ಪಾಳೆಯನ್ನು ನಾನು ಕಣ್ಣಿನಿಂದಲೇ ಗುರುತಿಸಬಲ್ಲೆ. ಕಂಪ್ಯೂಟರಿನ ಪರದೆಯ ಮೇಲೆ ನೂರು ಜನರ ಚಪ್ಪಾಳೆಯ ಗೆರೆಗಳನ್ನು ಸಾಲಾಗಿ ಇಟ್ಟರೂ ಅವನದನ್ನು ಬೆರಳಿಟ್ಟು ತೋರಿಸುತ್ತೇನೆ. ಮೊದಲು ಒಂದು ಚೂಪಾದ ಗೀಟು, ಅದರ ಬೆನ್ನಿಗೇ ಒಂದು ಮರಿ ಗೀಟು. ಅವನ ಎಡಗೈಯಲ್ಲಿ ಅಜ್ಜನ ಕಾಲದ ಸಡಿಲ ವಾಚು. ಕೈ ತಟ್ಟಿದ ಕೂಡಲೇ ಅದೂ ಒಮ್ಮೆ ಕುಣಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನನಗೆ ಗೊತ್ತಿರಲೇಬೇಕಾದ ಒಂದು ಸಂಗತಿ ಗೊತ್ತಿರಲಿಲ್ಲ. ತಪ್ಪು ಯಾರದು ಎಂದು ಕೇಳಿದರೆ ನನ್ನದೇ.

ನಾವು ಪರಿಚಯವಾದದ್ದು ಜಗಳದಲ್ಲಿ. ನಾಲ್ಕು ವರ್ಷಗಳ ಹಿಂದೆ ನನಗೆ ಫೋನಿನಲ್ಲಿ ರಾಕ್ಷಸರನ್ನು ಸಾಕಿ, ಊರವರ ರಾಕ್ಷಸರ ಜೊತೆ ಕಾದಾಡಿಸುವ ಆಟದ ಹುಚ್ಚಿತ್ತು. ಮಂಗಳೂರಿನ ಬಿಜೈಯ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೌಂಟರಿನ ಅಡಿಯಲ್ಲಿ ಯುದ್ಧ. ಸಾಲಾಗಿ ಹದಿನೇಳು ಪಂದ್ಯ ಗೆದ್ದು ಬೀಗುತ್ತಿದ್ದ ಒಂದು ಬುಧವಾರ, ಯಾರದೋ ಒಂದು ಪ್ರಾಣಿ ನನ್ನ ಬೆಂಕಿ ಉಗುಳುವ ರಾಕ್ಷಸನನ್ನು ಮೂರೇ ಏಟಿಗೆ ಮಲಗಿಸಿತು. ಅದರ ಹೆಸರು ನೋಡಿದರೆ ಬಂಗುಡೆ. ಅದರ ಹಿಂದೆ ಬಂದದ್ದು ಕಾಣೆ, ಆಮೇಲೆ ಅಂಜಲ್. ಜಪಾನಿನವನೋ ಬ್ರೆಜಿಲಿನವನೋ ಎಂದುಕೊಂಡಿದ್ದ ಎದುರಾಳಿ ನಮ್ಮ ಬಂದರಿನ ಮೀನು ಮಾರ್ಕೆಟಿನಿಂದಲೇ ಎದ್ದು ಬಂದವನ ಹಾಗಿದ್ದ.

ಸೋತ ಸಿಟ್ಟಿನಲ್ಲಿ, ಎಲ್ಲ ಮೀನು ಉಂಟು, ಬೂತಾಯಿ ಎಲ್ಲಿ ಎಂದು ಚಾಟಿನಲ್ಲಿ ಬರೆದೆ. ಬೂತಾಯಿಯ ಹಾಗೆ ಹಾರಾಡುವವರನ್ನು ಈಗಷ್ಟೇ ಸೋಲಿಸಿದೆ ಎಂದು ಉತ್ತರ ಬಂತು. ಅವತ್ತಿನಿಂದ ನಾನು ಬೂತಾಯಿ. ನಿರೀಕ್ಷಾ ಎಂಬ ಚೆಂದದ ಹೆಸರು ಅವನಿಗೆ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು.

ಅವನು ಜೆಪ್ಪುವಿನವನು, ಶಾಲೆಯಲ್ಲಿ ಫಿಸಿಕ್ಸ್ ಮೇಷ್ಟ್ರು, ಬೇಸ್ ಗಿಟಾರನ್ನು ಕೆಟ್ಟದಾಗಿ ಬಾರಿಸುವವನು. ನಾನು ಕುದ್ರೋಳಿಯವಳು. ಆಟದ ಚಾಟಿನಲ್ಲಿ ರಾಕ್ಷಸರ ಸುದ್ದಿ ಮುಗಿದು ಹಾಡುಗಳ ಸುದ್ದಿ ಶುರುವಾಯಿತು. ನಮ್ಮ ಕರಾವಳಿಯ ಹುಡುಗ ಹುಡುಗಿಯರು ಗ್ಯಾರೇಜಿನಲ್ಲಿ, ಟೆರೇಸಿನ ಶೀಟಿನಡಿಯಲ್ಲಿ ಬ್ಯಾಂಡು ಕಟ್ಟಿ, ತುಳು, ಕೊಂಕಣಿ, ಇಂಗ್ಲಿಷ್ ಎಲ್ಲ ಕಲಸಿ ಹಾಡು ಬರೆದು ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಕೇಳುವವರು ನಲವತ್ತು ಜನ. ಅದರಲ್ಲಿ ಇಬ್ಬರು ನಾವು. ಇವರ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ ಎಂದು ಅವನು ಒಂದು ದಿನ ಬೇಸರಪಟ್ಟ. ನಾವೇ ಮಾತಾಡುವ ಎಂದೆ. ಹಾಗೆ ನಮ್ಮ ಪಾಡ್‌ಕಾಸ್ಟ್ ಹುಟ್ಟಿತು.

ಅದಕ್ಕೆ ‘ಸೆಕೆ’ ಎಂದು ಹೆಸರಿಟ್ಟದ್ದೂ ನಾನೇ. ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ಯಾನ್ ಹಾಕುವ ಹಾಗಿಲ್ಲ, ಸದ್ದು ಮೈಕಿಗೆ ಬೀಳುತ್ತದೆ. ಮಂಗಳೂರಿನಲ್ಲಿ ಫ್ಯಾನ್ ಇಲ್ಲದೆ ಒಂದು ಗಂಟೆ ಕೂರುವುದೆಂದರೆ ಅದೇ ಒಂದು ವ್ರತ. ಭಾನುವಾರ ಮಧ್ಯಾಹ್ನ ಮೂರು ಗಂಟೆ, ಊರೆಲ್ಲ ಮೀನುಸಾರು ಉಂಡು ಮಲಗಿರುವ ಹೊತ್ತು. ನಾನು ಅಮ್ಮನ ಸೀರೆಗಳ ಕಪಾಟಿಗೆ ತಲೆ ತೂರಿಸಿ ಕುದ್ರೋಳಿಯಲ್ಲಿ, ಅವನು ಮೇಜಿನ ಮೇಲೆ ಕಂಬಳಿ ಇಳಿಬಿಟ್ಟು ಅದರೊಳಗೆ ಜೆಪ್ಪುವಿನಲ್ಲಿ.

ಫೋನಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು, ಆದರೆ ಫೋನಿನ ಸ್ವರ ಚೆನ್ನಾಗಿರುವುದಿಲ್ಲ. ಅದಕ್ಕೇ ಅವನ ಮಾತನ್ನು ಅವನು, ನನ್ನ ಮಾತನ್ನು ನಾನು, ಬೇರೆ ಬೇರೆಯಾಗಿ ನಮ್ಮ ನಮ್ಮ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ಅವನು ತನ್ನ ಫೈಲು ಕಳಿಸುತ್ತಿದ್ದ. ನಾನು ಎರಡನ್ನೂ ಒಂದರ ಕೆಳಗೊಂದು ಇಟ್ಟು ಜೋಡಿಸುತ್ತಿದ್ದೆ. ಜೋಡಿಸಲು ಗುರುತು ಬೇಕಲ್ಲ, ಅದಕ್ಕೆ ಚಪ್ಪಾಳೆ. ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಕೈ ತಟ್ಟುವುದು, ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ. ಅವನ ಗೀಟೂ ನನ್ನ ಗೀಟೂ ನೇರಕ್ಕೆ ಬಂದರೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು.

ಕತ್ತರಿಸುವ ಕೆಲಸ ನನ್ನದು. ನನಗೆ ತಾಳ್ಮೆ ಕಡಿಮೆ. ಬೇಯುವ ತನಕ ಕಾದವಳಿಗೆ ಆರುವ ತನಕ ಕಾಯಲಾಗುವುದಿಲ್ಲ ಎಂದು ಅಮ್ಮ ಸಾವಿರ ಸಲ ಹೇಳಿದ್ದಾಳೆ. ಮೊದಲ ಚಪ್ಪಾಳೆಯ ಮೊದಲಿನದ್ದು ಕಚಕ್, ಎರಡನೇ ಚಪ್ಪಾಳೆಯ ಆಚೆಯದ್ದು ಕಚಕ್. ಅಲ್ಲಿ ಇರುವುದು ಬರೀ ಫ್ಯಾನಿನ ಸದ್ದು, ದಪ್ಪ ಬೂದು ಪಟ್ಟಿಯ ಹಾಗೆ ಪರದೆಯ ಮೇಲೆ ಕಾಣುತ್ತಿತ್ತು. ಒಂದು ಗಂಟೆ ಬೆವರಿದ ಮನುಷ್ಯ ಮೊದಲು ಮಾಡುವ ಕೆಲಸ ಅದೇ ತಾನೆ. ಕೇಳುವ ಗೋಜಿಗೇ ಹೋಗದೆ ಕತ್ತರಿಸುತ್ತಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಉಂಟು. ಶುರುವಿನ ದಿನಗಳಲ್ಲಿ ಅವನು ಒಮ್ಮೆ, ನಾನು ಕಳಿಸುವ ಫೈಲನ್ನು ನೀನು ಪೂರ್ತಿ ಕೇಳುತ್ತೀಯಾ ಎಂದು ವಿಚಾರಿಸಿದ. ಜಂಬ ಎಂದರೆ ನನ್ನದು. ಮೊದಲಿಂದ ಕೊನೆಯ ತನಕ, ನಿನ್ನ ಉಸಿರನ್ನೂ ಬಿಡುವುದಿಲ್ಲ ಎಂದುಬಿಟ್ಟೆ.

ಹದಿನಾಲ್ಕನೇ ಎಪಿಸೋಡಿಗೆ ಎರಡು ದಿನ ಮೊದಲು ಜೆಪ್ಪುವಿನ ಒಂದು ಸಭಾಂಗಣದಲ್ಲಿ ‘ಕಡಲ್ಕೊರೆತ’ ಎಂಬ ಬ್ಯಾಂಡಿನ ಕಾರ್ಯಕ್ರಮ ಇತ್ತು. ಸ್ಪೀಕರಿನ ಪಕ್ಕದಲ್ಲೇ ನಮಗೆ ಜಾಗ ಸಿಕ್ಕಿತು. ಎಲ್ರೊಯ್ ಕಿಸೆಯಿಂದ ಹತ್ತಿ ತೆಗೆದು ಎರಡು ಉಂಡೆ ಮಾಡಿ ನನ್ನ ಅಂಗೈಯಲ್ಲಿಟ್ಟ. ಮೇಷ್ಟ್ರುಗಳ ಕಿಸೆಯಲ್ಲಿ ಏನೆಲ್ಲ ಇರುತ್ತದೆ ಎಂದು ನಕ್ಕೆ. ಅವನು ನಗಲಿಲ್ಲ. ನಾನು ಹತ್ತಿಯನ್ನು ಕಿವಿಗೆ ಇಡುವುದನ್ನು, ಕೂದಲು ಸರಿಸುವುದನ್ನು, ಕಿವಿಯೋಲೆ ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸುವುದನ್ನು ಸುಮ್ಮನೆ ನೋಡುತ್ತ ನಿಂತಿದ್ದ. ಅಷ್ಟು ಗದ್ದಲದಲ್ಲೂ ನನಗೆ ಆ ನೋಟದ ಸುಳಿವು ಸಿಕ್ಕಿತು, ಕೆನ್ನೆ ಬಿಸಿಯಾಯಿತು, ಸ್ಟೇಜಿನ ಕಡೆ ತಿರುಗಿಕೊಂಡೆ.

ಹಾಡು ಮುಗಿಯುವಾಗ ಅವನು ಬಾಗಿ ಏನೋ ಹೇಳಲು ಹೊರಟು, ಬೇಡವೆಂದು ಕೈಯಾಡಿಸಿದ. ಹೊರಗೆ ಬಸ್‌ಸ್ಟಾಪಿನ ತನಕ ಬಂದು, ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದ.

“ಇಲ್ಲಿ ಆಗುವುದಿಲ್ಲ ಬೂತಾಯಿ. ನಾಡಿದ್ದು ಭಾನುವಾರ ಹೇಳ್ತೇನೆ.”

ಆ ಭಾನುವಾರ ನಾನು ಹೊಸ ಚೂಡಿದಾರ ಹಾಕಿ, ಕಾಡಿಗೆ ಹಚ್ಚಿ, ಕಪಾಟಿನೊಳಗೆ ತಲೆ ತೂರಿಸಿ ಕೂತೆ. ಯಾರು ನೋಡುತ್ತಾರೆ ಎಂದು ಕೇಳಬೇಡಿ. ಒಂದು ಗಂಟೆ ಅವನು ಡ್ರಮ್ಮು, ಗಿಟಾರು, ಮೈಕು ಎಂದೇ ಮಾತಾಡಿದ. ಒಂದು, ಎರಡು, ಮೂರು, ಚಪ್ಪಾಳೆ. ಬರ್ತೇನೆ ಎಂದ, ಫೋನಿಟ್ಟ. ಅಷ್ಟೇ.

ನಾನು ಕಾಡಿಗೆ ಒರೆಸಿಕೊಂಡೆ. ನಮ್ಮ ಮನೆಯಲ್ಲಿ ದೇವಸ್ಥಾನ, ಅವರ ಮನೆಯಲ್ಲಿ ಇಗರ್ಜಿ, ಮನೆಯವರನ್ನು ನೆನೆದು ಹೆದರಿರಬೇಕು ಎಂದುಕೊಂಡೆ. ಬಾಯಿಬಿಟ್ಟು ಕೇಳಲು ನನ್ನ ಅಹಂ ಬಿಡಲಿಲ್ಲ. ಸಿಟ್ಟಿನಲ್ಲಿ ಆ ಎಪಿಸೋಡನ್ನು ಎಂಟೇ ನಿಮಿಷದಲ್ಲಿ ಕತ್ತರಿಸಿ ಬಿಸಾಡಿದೆ. ಮುಂದಿನ ರೆಕಾರ್ಡಿಂಗಿನಲ್ಲಿ ಎಣಿಸಿದಷ್ಟು ಮಾತು ಆಡಿದೆ. ಆ ದಿನದಿಂದ ಅವನು ನನ್ನನ್ನು ಬೂತಾಯಿ ಎನ್ನುವುದನ್ನು ಬಿಟ್ಟು ಮೇಡಂ ಎನ್ನತೊಡಗಿದ. ತಮಾಷೆಗೆ ಎನ್ನುವ ಹಾಗೆಯೇ ಎನ್ನುತ್ತಿದ್ದ, ಆದರೆ ಆ ಶಬ್ದ ನನಗೆ ಪ್ರತಿ ಸಲ ಚುಚ್ಚುತ್ತಿತ್ತು. ಅವನ ಫೈಲಿನ ಕೊನೆಯ ಬೂದು ಪಟ್ಟಿ ಮಾತ್ರ ಉದ್ದವಾಗುತ್ತ ಹೋಯಿತು. ಮರೆಗುಳಿ ಮೇಷ್ಟ್ರು, ನಿಲ್ಲಿಸುವ ಬಟನ್ ಒತ್ತಲು ಮರೆಯುತ್ತಾನೆ ಎಂದು ಬೈದುಕೊಂಡು ಕತ್ತರಿಸಿದೆ.

ಹೀಗೆ ಎರಡೂವರೆ ವರ್ಷ ಕಳೆಯಿತು. ನನಗೆ ಬೇರೆ ಯಾರ ಮೇಲೂ ಮನಸ್ಸು ಬರಲಿಲ್ಲ. ತಿಂಗಳಿಗೆ ಒಂದೋ ಎರಡೋ ಭಾನುವಾರದ ಮೂರು ಗಂಟೆಗಾಗಿ ಬದುಕುವುದು ಅಭ್ಯಾಸವಾಗಿತ್ತು.

ಕಳೆದ ಮಳೆಗಾಲ ಮುಗಿಯುವಾಗ ಅವನಿಗೆ ಮದುವೆ ಗೊತ್ತಾಯಿತು. ಹುಡುಗಿ ಜಾಯ್ಸ್, ಮಸ್ಕತ್ತಿನಲ್ಲಿ ನರ್ಸ್. ಅವನಿಗೂ ಅಲ್ಲಿಯೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಐವತ್ತನೇ ಎಪಿಸೋಡು ಕೊನೆಯದು ಎಂದು ಮಾತಾಯಿತು. ಜಾಯ್ಸ್ ರಜೆಯಲ್ಲಿ ಬಂದಾಗ ಅವನೇ ಅವಳನ್ನು ನನ್ನ ಅಂಗಡಿಗೆ ಕರೆತಂದ. ಅವಳ ಮೂಗಿನ ಮೇಲೆ ನಾನೇ ಫ್ರೇಮ್ ಕೂರಿಸಿ ಸರಿಮಾಡಿದೆ. ಡ್ಯೂಟಿಯ ಬಿಡುವಿನಲ್ಲಿ ‘ಸೆಕೆ’ ಕೇಳುತ್ತಾಳಂತೆ, ನನ್ನ ನಗು ಅವಳಿಗೆ ಮೊದಲೇ ಪರಿಚಯವಂತೆ. ದ್ವೇಷಿಸೋಣ ಎಂದರೆ ಹಿಡಿಯಲು ಒಂದು ತುದಿಯೂ ಸಿಗದಂಥ ಹುಡುಗಿ.

ಮದುವೆಗೆ ಏನು ಕೊಡುವುದು ಎಂದು ಯೋಚಿಸಿ ಯೋಚಿಸಿ ನನಗೊಂದು ಉಪಾಯ ಹೊಳೆಯಿತು. ನಲವತ್ತೊಂಬತ್ತು ಎಪಿಸೋಡುಗಳ ಕೊನೆಯ ಚಪ್ಪಾಳೆಗಳನ್ನೆಲ್ಲ ಆರಿಸಿ ಒಂದರ ಮೇಲೊಂದು ಇಟ್ಟರೆ ಒಂದು ಇಡೀ ಸಭೆ ಚಪ್ಪಾಳೆ ತಟ್ಟಿದ ಹಾಗೆ ಕೇಳುತ್ತದೆ. ಅವರಿಬ್ಬರೂ ಸ್ಟೇಜಿಗೆ ಬರುವಾಗ ಅದನ್ನು ಹಾಕಬಹುದು.

ಕೊನೆಯ ರೆಕಾರ್ಡಿಂಗಿಗೆ ಒಂದು ವಾರ ಇತ್ತು. ರಜೆ ಹಾಕಿ, ಬೆಳಿಗ್ಗೆಯಿಂದ ಅವನು ಕಳಿಸಿದ್ದ, ಕತ್ತರಿಸದ ಹಳೆಯ ಫೈಲುಗಳನ್ನು ತೆರೆದು ಕೂತೆ. ಈ ಸಲ ಕಣ್ಣಿನ ಕೆಲಸ ಸಾಲದು, ವಾಚಿನ ಆ ಮರಿ ಸದ್ದೂ ಬರಬೇಕೆಂದು ಹೆಡ್‌ಫೋನ್ ಹಾಕಿಕೊಂಡಿದ್ದೆ. ಹದಿನಾಲ್ಕನೆಯದು ಓಡುತ್ತಿರುವಾಗ ಟೀ ಗ್ಲಾಸಿಗೆ ಕೈ ಹಾಕಿದೆ, ನಿಲ್ಲಿಸುವುದು ಸ್ವಲ್ಪ ತಡವಾಯಿತು. ಚಪ್ಪಾಳೆ, ವಾಚು, ಫ್ಯಾನಿನ ಸ್ವಿಚ್ಚು, ಫ್ಯಾನು. ಆ ಫ್ಯಾನಿನ ಅಡಿಯಲ್ಲಿ ಅವನ ಸ್ವರ.

“ನಿರೀಕ್ಷಾ, ಇದು ಎಪಿಸೋಡಿಗೆ ಅಲ್ಲ, ನಿನಗೆ ಮಾತ್ರ. ಮಮ್ಮಿಗೆ ಕೇಳಬಾರದು ಅಂತ ಫ್ಯಾನ್ ಹಾಕಿದ್ದೇನೆ. ನನಗೆ ನಿನ್ನ ಮೇಲೆ ಪ್ರೀತಿ ಉಂಟು. ತಮಾಷೆ ಅಲ್ಲ. ಎದುರಿಗೆ ಹೇಳುವ ಅಂದ್ರೆ ನೀನು ನಗ್ತೀ, ನಾನು ಎಂತ ಹೇಳಬೇಕು ಅಂತ ಮರೆತುಬಿಡ್ತೇನೆ. ನೀನು ಪೂರ್ತಿ ಕೇಳ್ತೀಯಲ್ಲ, ಇದನ್ನೂ ಕೇಳು. ಮನಸ್ಸಿದ್ದರೆ ಮುಂದಿನ ಸಲ ಚಪ್ಪಾಳೆಗೆ ಮೊದಲು ಒಂದು ಮಾತು ಹೇಳು. ಇಲ್ಲದಿದ್ದರೆ ಎಂತ ಹೇಳುವುದೂ ಬೇಡ. ನಾನು ಇನ್ನೊಮ್ಮೆ ಕೇಳಿ ತೊಂದರೆ ಕೊಡುವುದಿಲ್ಲ.”

ಗ್ಲಾಸು ಕೈಯಲ್ಲೇ ಇತ್ತು. ಎಷ್ಟು ಹೊತ್ತು ಹಾಗೆ ಹಿಡಿದುಕೊಂಡಿದ್ದೆನೋ, ಕುಡಿಯುವಾಗ ಟೀ ತಣ್ಣಗಾಗಿತ್ತು.

ಹದಿನೈದನೆಯದನ್ನು ತೆರೆದೆ. ಫ್ಯಾನು, ಒಂದು ಉಸಿರು, ಆಮೇಲೆ ಆಯ್ತು, ಗೊತ್ತಾಯ್ತು, ಬೇಜಾರು ಎಂತದೂ ಇಲ್ಲ ಎಂಬ ಅವನ ಮಾತು. ಹತ್ತೊಂಬತ್ತರಲ್ಲಿ ನಿನ್ನ ಸ್ವರ ಶೀತವಾದ ಹಾಗಿದೆ, ಬಿಸಿನೀರು ಕುಡಿ ಎಂದಿದ್ದ. ಇಪ್ಪತ್ತಮೂರನೆಯದು ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗಿನದು. ಅವರ ಹೆಸರಿನಲ್ಲಿ ಇಗರ್ಜಿಯಲ್ಲಿ ಕ್ಯಾಂಡಲ್ ಇಟ್ಟು ಬಂದೆ, ನಿನ್ನ ದೇವರಿಗೆ ಬೇಜಾರಾಗದಿದ್ದರೆ ಸಾಕು ಎಂದಿದ್ದ. ಒಂದರಲ್ಲಿ ಮಾತೇ ಇಲ್ಲ, ಬೇಸ್ ಗಿಟಾರಿನಲ್ಲಿ ಒಂದು ಧಾಟಿಯನ್ನು ಎರಡು ಸಲ ತಪ್ಪಾಗಿ, ಒಂದು ಸಲ ಸರಿಯಾಗಿ ಬಾರಿಸಿದ್ದ. ಮೂವತ್ತಾರನೆಯದರಲ್ಲಿ ಹೀಗಿತ್ತು.

“ಮನೆಯಲ್ಲಿ ಹುಡುಗಿ ನೋಡ್ತಿದ್ದಾರೆ. ನಿನಗೆ ಹೇಳದೆ ಹೂಂ ಅನ್ನುವುದು ಸರಿ ಅಲ್ಲ ಅಂತ ಕಂಡಿತು. ಇನ್ನು ಇಲ್ಲಿ ಮಾತಾಡುವುದಿಲ್ಲ. ಇಷ್ಟು ದಿನ ಕೇಳಿದ್ದಕ್ಕೆ ಥ್ಯಾಂಕ್ಸ್.”

ನಾನು ಹೆಡ್‌ಫೋನ್ ತೆಗೆದು ಅಮ್ಮನ ಸೀರೆಗೆ ಮುಖ ಒತ್ತಿಕೊಂಡು ಅತ್ತೆ. ಅವನಿಗಾಗಿ ಅತ್ತದ್ದು ಸ್ವಲ್ಪ, ನನ್ನ ಆತುರಕ್ಕಾಗಿ ಅತ್ತದ್ದು ಜಾಸ್ತಿ. ಇಪ್ಪತ್ತಮೂರು ಸಲ ಒಬ್ಬ ಮನುಷ್ಯ ನನ್ನ ಹತ್ತಿರ ಮಾತಾಡಿದ್ದ. ಇಪ್ಪತ್ತಮೂರು ಸಲವೂ ನಾನು ಅವನ ಮಾತಿಗೆ ಕತ್ತರಿ ಹಾಕಿದ್ದೆ.

ಮರುದಿನ ಅಂಗಡಿಯಿಂದ ಬೇಗ ಹೊರಟು ಜೆಪ್ಪುವಿನ ಬಸ್ಸು ಹತ್ತಿದೆ. ನಾನು ಕೇಳಲೇ ಇಲ್ಲ ಮಾರಾಯ, ನಿನ್ನೆ ಕೇಳಿದೆ, ನನ್ನ ಉತ್ತರ ಹೂಂ ಎಂದು ಹೇಳುವುದು, ಆಮೇಲೆ ಆದದ್ದಾಗಲಿ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ.

ಬಾಗಿಲು ತೆರೆದವಳು ಜಾಯ್ಸ್. ನಾನು ಕೂರಿಸಿಕೊಟ್ಟ ಕನ್ನಡಕವನ್ನೇ ಹಾಕಿದ್ದಳು. ನಗುವಿನವರು ಬಂದರು ಎಂದು ಒಳಗೆ ಕೂಗಿ ಹೇಳಿ, ಕೈಹಿಡಿದು ಕರೆದುಕೊಂಡು ಹೋದಳು. ಒಳಗೆ ಎಲ್ರೊಯ್‌ನ ತಾಯಿ ಮಟಿಲ್ಡಾ ಬಾಯಿ ರೋಸಿನ ತಯಾರಿಯಲ್ಲಿದ್ದರು. ಮದುವೆಯ ಹಿಂದಿನ ದಿನ ಮದುಮಗನ ತಲೆಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ತೆಂಗಿನಕಾಯಿಗಳ ರಾಶಿಯ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿ, ನೀನು ಮನೆಯ ಮಗಳ ಹಾಗೆ, ನೀನೂ ಅವನ ತಲೆಗೆ ಹಾಲು ಹಾಕಬೇಕು ಎಂದರು. ಎಲ್ರೊಯ್ ಸ್ಟೂಲಿನ ಮೇಲೆ ನಿಂತು ಬಲ್ಬಿನ ಮಾಲೆ ಕಟ್ಟುತ್ತಿದ್ದ. ಜಾಯ್ಸ್ ಕೆಳಗಿನಿಂದ, ಬಲಕ್ಕೆ ಸ್ವಲ್ಪ, ಹಾಂ ಅಲ್ಲಿಗೆ ಎಂದು ಹೇಳುತ್ತಿದ್ದಳು. ಅವಳ ಮಾತು ಕೇಳಿ ಅವನು ನಕ್ಕ. ಅದು ಸುಳ್ಳು ನಗು ಆಗಿರಲಿಲ್ಲ. ನಾನು ಒಂದು ಲೋಟ ಶರಬತ್ತು ಕುಡಿದು, ಮೈಕಿನ ವಯರಿನ ಬಗ್ಗೆ ಏನೋ ಕೇಳಲು ಬಂದದ್ದೆಂದು ಹೇಳಿ ವಾಪಸಾದೆ.

ಭಾನುವಾರ ಮೂರು ಗಂಟೆಗೆ ಫ್ಯಾನ್ ಆಫ್ ಮಾಡಿ ಕಪಾಟಿನಲ್ಲಿ ಕೂತೆ. ಬುಧವಾರ ಅವನ ಮದುವೆ. ಮೊದಲ ಚಪ್ಪಾಳೆಗೆ ಎಣಿಸಲು ಹೊರಟಾಗ ಅವನು ತಡೆದ.

“ಒಂದು ಕೇಳ್ತೇನೆ, ಆಮೇಲೆ ಯಾವತ್ತೂ ಕೇಳುವುದಿಲ್ಲ. ಹದಿನಾಲ್ಕನೇ ಎಪಿಸೋಡು. ಚಪ್ಪಾಳೆ ಆದ ಮೇಲೆ ಇದ್ದದ್ದು. ನೀನು ಅದನ್ನು ಕೇಳಿದ್ದಿ ಅಲ್ವಾ?”

ಅಮ್ಮನ ಸೀರೆಗಳ ನಡುವೆ ನನ್ನ ಎದೆಯ ಬಡಿತ ಮೈಕಿಗೆ ಬೀಳುತ್ತಿದೆಯೇನೋ ಎನ್ನಿಸಿತು. ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಅವನನ್ನು ನಾನು ಬಲ್ಲೆ. ಇಲ್ಲ ಎಂದರೆ ಬುಧವಾರ ಅವನು ಇಗರ್ಜಿಗೆ ಹೋಗುವುದಿಲ್ಲ, ಹೋದರೂ ಅರ್ಧ ಮನುಷ್ಯನಾಗಿ ಹೋಗುತ್ತಾನೆ. ಆ ಕನ್ನಡಕದ ಹಿಂದಿನ ಎರಡು ಕಣ್ಣು ನೆನಪಾದವು. ಬಲ್ಬಿನ ಮಾಲೆಯ ಕೆಳಗೆ ಅವನು ನಕ್ಕದ್ದು ನೆನಪಾಯಿತು. ಹೌದು ಎಂದರೆ ನಾನು ಎಲ್ಲ ಕೇಳಿಯೂ ಎರಡೂವರೆ ವರ್ಷ ತುಟಿ ಬಿಚ್ಚದ ಕಲ್ಲು ಮನಸ್ಸಿನವಳಾಗುತ್ತೇನೆ. ನಾನು ಮಾಡಿದ್ದಕ್ಕೆ ಅದಾದರೂ ನನ್ನ ಪಾಲಿಗೆ ಇರಲಿ ಎನ್ನಿಸಿತು.

“ಕೇಳಿದ್ದೆ,” ಎಂದೆ. “ಎಲ್ಲ ಕೇಳಿದ್ದೆ. ಉತ್ತರ ಹೇಳ್ಲಿಕ್ಕೆ ಧೈರ್ಯ ಇರಲಿಲ್ಲ. ನನ್ನದೇ ತಪ್ಪು.”

ಅವನ ಕಡೆ ಕಂಬಳಿ ಸರಿದ ಸದ್ದು ಕೇಳಿತು.

“ತಪ್ಪು ಎಂತದು ಮಾರಾಯ್ತಿ. ಕೇಳಿದ್ದಿ ಅಲ್ವಾ, ಅಷ್ಟು ಸಾಕು. ಇವಳು ಕೇಳಲೇ ಇಲ್ಲವೇನೋ ಅಂತ ಒಂದೊಂದು ಸಲ ಸಂಶಯ ಬರ್ತಿತ್ತು. ಅದೊಂದು ಮನಸ್ಸಲ್ಲಿ ಉಳಿದಿತ್ತು. ಈಗ ಹಗುರ ಆಯ್ತು.”

ಆಮೇಲೆ ನಾವು ಚಪ್ಪಾಳೆ ತಟ್ಟಿ ಒಂದು ಗಂಟೆ ಮಾತಾಡಿದೆವು. ನಕ್ಕೆವು ಕೂಡ. ನಾನು ಅಷ್ಟು ಚೆನ್ನಾಗಿ ನಕ್ಕದ್ದು ಬೇರೆ ಯಾವ ಎಪಿಸೋಡಿನಲ್ಲೂ ಇಲ್ಲ, ಬೇಕಾದರೆ ಕೇಳಿ ನೋಡಿ. ಕೊನೆಗೆ ಅವನೇ ಎಣಿಸಿದ. ಒಂದು, ಎರಡು, ಮೂರು. ಫೋನು ಕಟ್ಟಾಯಿತು.

ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಸೀರೆಗಳ ಕಪಾಟಿಗೆ, ಯಾರಿಗೂ ಕಳಿಸಬೇಕಿಲ್ಲದ ನನ್ನ ಫೈಲಿಗೆ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳಿದೆ.

“ಎಲ್ರೊಯ್, ನಾನು ಕೇಳಲೇ ಇಲ್ಲ. ಕೇಳಿದ್ದರೆ ಅವತ್ತೇ ಹೂಂ ಹೇಳ್ತಿದ್ದೆ. ಕಾಡಿಗೆ ಹಚ್ಚಿಕೊಂಡು ಕೂತಿದ್ದೆ. ನನಗೂ ನಿನ್ನ ಮೇಲೆ ಪ್ರೀತಿ ಉಂಟು, ಈಗಲೂ ಉಂಟು.”

ಸಂಜೆ ಅವನ ಫೈಲು ಬಂತು. ಎರಡನ್ನೂ ಒಂದರ ಕೆಳಗೊಂದು ಇಟ್ಟೆ, ಗೀಟಿಗೆ ಗೀಟು ಕೂರಿಸಿದೆ. ಎರಡನೇ ಚಪ್ಪಾಳೆಯ ಆಚೆ ಈ ಸಲ ಅವನ ಕಡೆ ಬೂದು ಪಟ್ಟಿ ಇರಲಿಲ್ಲ. ಅವನು ಫ್ಯಾನ್ ಹಾಕಿರಲಿಲ್ಲ. ಹೆಡ್‌ಫೋನ್ ಹಾಕಿ, ಮೊದಲಿಂದ ಕೊನೆಯ ತನಕ, ಅವನ ಉಸಿರನ್ನೂ ಬಿಡದೆ ಕೇಳಿದೆ. ಚಪ್ಪಾಳೆ, ವಾಚು. ಆಮೇಲೆ ನನ್ನ ಮಾತು ಓಡುತ್ತಿತ್ತು, ಅದೇ ಹೊತ್ತಿನಲ್ಲಿ ಜೆಪ್ಪುವಿನ ಕಂಬಳಿಯೊಳಗೆ ಅವನು ಸುಮ್ಮನೆ ಕೂತಿದ್ದ. ಒಬ್ಬರು ಹೇಳುವುದನ್ನು ಇನ್ನೊಬ್ಬರು ಗಮನವಿಟ್ಟು ಕೇಳುವಾಗ ಇರುತ್ತದಲ್ಲ, ಅಂಥ ಮೌನ. ನನ್ನ ಮಾತು ಮುಗಿಯಿತು. ಎರಡು ಉಸಿರಿನಷ್ಟು ಹೊತ್ತು ಬಿಟ್ಟು ಅವನ ಸ್ವರ ಬಂತು.

“ಹೋಗಿ ಬರ್ತೇನೆ, ಬೂತಾಯಿ.”

ಅದನ್ನು ನಾನು ಎಷ್ಟು ಸಲ ಹಾಕಿ ಕೇಳಿದೆನೋ ಲೆಕ್ಕ ಇಡಲಿಲ್ಲ. ಆಮೇಲೆ ಕೆಲಸಕ್ಕೆ ಕೂತೆ. ಚಪ್ಪಾಳೆಯ ಆಚೆ ಇದ್ದ ನನ್ನ ಮಾತನ್ನು ಪೂರ್ತಿ ಅಳಿಸಿದೆ. ಅವನ ಕೊನೆಯ ಮೂರು ಶಬ್ದಗಳನ್ನು ಕತ್ತರಿಸಿ ಬೇರೆ ತೆಗೆದಿಟ್ಟೆ, ಅದು ನನಗೆ ಮಾತ್ರ. ಅವನ ಮೌನವನ್ನು ಕತ್ತರಿಸಲು ಕೈ ಬರಲಿಲ್ಲ.

ಮದುವೆಯ ದಿನ ಸಭಾಂಗಣದಲ್ಲಿ ನಲವತ್ತೊಂಬತ್ತು ಚಪ್ಪಾಳೆಗಳು ಒಟ್ಟಿಗೆ ಮೊಳಗಿದವು. ಜನ ಎಲ್ಲಿಂದ ಬಂತು ಸದ್ದು ಎಂದು ತಿರುಗಿ ನೋಡಿದರು. ಎಲ್ರೊಯ್‌ಗೆ ತಕ್ಷಣ ಗೊತ್ತಾಯಿತು. ಸ್ಟೇಜಿನ ಮೇಲಿಂದ ನನ್ನನ್ನು ಹುಡುಕಿ, ವಾಚು ಕಟ್ಟಿದ ಕೈಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದ. ನಾನೂ ಎಲ್ಲರ ಜೊತೆ ಕೈ ತಟ್ಟಿದೆ.

ಐವತ್ತನೇ ಎಪಿಸೋಡು ಈಗಲೂ ಇಂಟರ್‌ನೆಟ್ಟಿನಲ್ಲಿ ಇದೆ. ಅದರ ಕೆಳಗೆ ಡೆನ್ಜಿಲ್ ಎಂಬ ಕೇಳುಗ ಒಂದು ಕಾಮೆಂಟ್ ಹಾಕಿದ್ದಾನೆ. ಇಷ್ಟು ವರ್ಷ ಎಡಿಟಿಂಗಿನಲ್ಲಿ ಒಂದು ತಪ್ಪೂ ಇರಲಿಲ್ಲ, ಇದರಲ್ಲಿ ಕೊನೆಗೆ ಚಪ್ಪಾಳೆಯೂ ಉಳಿದಿದೆ, ಅದರ ನಂತರ ಅರ್ಧ ನಿಮಿಷ ಏನೂ ಇಲ್ಲ, ಮೇಡಂ ಕತ್ತರಿಸಲು ಮರೆತಿರಾ ಎಂದು ಕೇಳಿದ್ದಾನೆ.

ಹೌದು, ಮರೆತೆ ಎಂದು ಅದರ ಕೆಳಗೆ ಬರೆದಿದ್ದೇನೆ.